ಇಪ್ಪತ್ತೇಳು ನಕ್ಷತ್ರ, ಒಂದೇ ಹಿತ್ತಲ

2019ರ ಬೇಸಿಗೆಯಲ್ಲಿ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಭಾಗದಲ್ಲಿ ಕೃಷ್ಣಾ ನದಿ ಬತ್ತಿಹೋಗಿತ್ತು. ಕೊಯ್ನಾ ಜಲಾಶಯದಿಂದ ನೀರು ಬಿಡಿರೆಂದು ಕರ್ನಾಟಕವು ಮಹಾರಾಷ್ಟ್ರವನ್ನು ಕೇಳುತ್ತಿತ್ತು. ನದಿದಂಡೆಯ ಊರುಗಳಲ್ಲೇ ಜನ ಟ್ಯಾಂಕರಿಗೆ ಕಾಯುತ್ತಿದ್ದರು. ಪಾತ್ರೆ ತೊಳೆದ ನೀರು, ಬಟ್ಟೆ ಹಿಂಡಿದ ನೀರು ಹಿತ್ತಲಿನ ಕರಿಬೇವಿಗೂ ನುಗ್ಗೆಗೂ ಹೋಗುತ್ತಿತ್ತು. ಅದೇ ವರ್ಷದ ಆಗಸ್ಟ್‌ನಲ್ಲಿ ಕೃಷ್ಣಾ, ದೂಧಗಂಗಾ, ವೇದಗಂಗಾ ಮೂರೂ ಒಟ್ಟಿಗೆ ಏರಿದವು. ಕೊಡದ ನೀರಿನಲ್ಲಿ ಬದುಕಿದ್ದ ಗಿಡಗಳು ಆಳೆತ್ತರದ ನೀರಿನಲ್ಲಿ ಮುಳುಗಿದವು. ನೀರು ಇಳಿದ ಮೇಲೆ ನೋಡಿದರೆ ಪಪ್ಪಾಯಿ ಉಳಿದಿರಲಿಲ್ಲ. ಬೇರಿಗೆ ಎರಡು ಮೂರು ದಿನ ನೀರು ನಿಂತರೂ ಪಪ್ಪಾಯಿ ಬದುಕುವುದು ಕಷ್ಟ. ನುಗ್ಗೆಯೂ ಹಾಗೆಯೇ, ಬೇರು ಕೊಳೆತು ಮುರಿದು ಬೀಳುತ್ತದೆ. ತೆಂಗು, ನೇರಳೆಯಂಥವು ತಡೆದುಕೊಳ್ಳುತ್ತವೆ.

ಆ ಮಹಾಪೂರದ ಫೋಟೊ ಈ ಭಾಗದಲ್ಲಿ ಯಾರ ಮೊಬೈಲಿನಲ್ಲಿ ಕೇಳಿದರೂ ಸಿಗುತ್ತದೆ. ಅದಕ್ಕೂ ಹಿಂದಿನ ಮೇ ತಿಂಗಳಲ್ಲಿ ಅದೇ ಹಿತ್ತಲ ಹೇಗಿತ್ತು, ನೀರು ಇಳಿದ ಮೇಲೆ ಮೊದಲು ಚಿಗುರಿದ್ದು ಯಾವುದು, ಮುಂದಿನ ವರ್ಷ ಆ ಕೆಸರು ಮಣ್ಣಿನಲ್ಲಿ ತಾನಾಗಿ ಹುಟ್ಟಿದ್ದೇನು ಎಂದು ಕೇಳಿದರೆ ಫೋಟೊ ಸಿಗುವುದು ಅಪರೂಪ. ನಾವು ಫೋಟೊ ತೆಗೆಯುವುದು ಹಬ್ಬದ ದಿನ, ಹೂ ಬಿಟ್ಟ ದಿನ, ಅನಾಹುತದ ದಿನ. ಏನೂ ಆಗದ ದಿನದ ಫೋಟೊ ಯಾರಿಗೆ ಬೇಕು ಅನ್ನಿಸುವುದು ಸಹಜ. ಆದರೆ ಋತು ಹೇಗೆ ಸರಿಯುತ್ತದೆ, ಯಾವ ಮಳೆಗೆ ಯಾವ ಗಿಡ ಏನು ಮಾಡುತ್ತದೆ ಎಂಬುದು ಬರೆದಿರುವುದು ಆ ಏನೂ ಆಗದ ದಿನಗಳಲ್ಲೇ. ಒಂದೇ ಜಾಗದಲ್ಲಿ ನಿಂತು ಹಿತ್ತಲಿನ ಒಂದೇ ಮೂಲೆಯನ್ನು ವರ್ಷಪೂರ್ತಿ ಫೋಟೊ ತೆಗೆಯುವುದು ನಮ್ಮ ಭಾಗದಲ್ಲಿ ಮನೆಮನೆಯ ರೂಢಿಯಾಗಬೇಕು ಎಂದು ನಾನು ಮನಸಾರೆ ನಂಬಿದ್ದೇನೆ.

ಮೊದಲು ನಿಲ್ಲುವ ಜಾಗ. ಹಿಮನದಿಗಳನ್ನು ಅಳೆಯಲು ಆಲ್ಪ್ಸ್ ಪರ್ವತದಲ್ಲಿ ಸೆಬಾಸ್ಟಿಯನ್ ಫಿನ್‌ಸ್ಟರ್‌ವಾಲ್ಡರ್ ಎಂಬ ಜರ್ಮನ್ ಗಣಿತಜ್ಞ 1880ರ ದಶಕದ ಕೊನೆಯಲ್ಲೇ ಒಂದೇ ಬಿಂದುವಿನಿಂದ ಮತ್ತೆ ಮತ್ತೆ ಫೋಟೊ ತೆಗೆಯುವ ಪದ್ಧತಿ ಹಾಕಿಕೊಟ್ಟ. ಆ ಲೆಕ್ಕ ಹಿತ್ತಲಿಗೂ ಸಲ್ಲುತ್ತದೆ. ಹತ್ತಿರದ್ದೊಂದು, ದೂರದ್ದೊಂದು ಎರಡು ಗುರುತು ಆರಿಸಿಕೊಳ್ಳಿ. ತುಳಸಿಕಟ್ಟೆಯ ಬಲ ಅಂಚು ಹಿಂದಿನ ಗೋಡೆಯ ಕಿಟಕಿಯ ಎಡ ಚೌಕಟ್ಟಿಗೆ ಸರಿಯಾಗಿ ಕೂಡಬೇಕು ಅಂದುಕೊಳ್ಳಿ. ಒಂದು ಹೆಜ್ಜೆ ಆಚೀಚೆ ಆದರೂ ಆ ಎರಡು ಗೆರೆ ಕೂಡುವುದಿಲ್ಲ. ನೆಲದ ಫರಸಿಗೆ ಬಣ್ಣದ ಚುಕ್ಕೆ ಇಟ್ಟರೆ ಇನ್ನೂ ಒಳ್ಳೆಯದು. ಮೊಬೈಲ್ ಬದಲಾದರೆ ಲೆನ್ಸಿನ ಹರವು ಬದಲಾಗುತ್ತದೆ. ಆಗಲೂ ಹಳೆಯ ಫೋಟೊ ಪಕ್ಕದಲ್ಲಿಟ್ಟುಕೊಂಡು ಅದೇ ಎರಡು ಗೆರೆ ಕೂಡಿಸಿದರೆ ನಿಂತ ಜಾಗ ತಪ್ಪುವುದಿಲ್ಲ.

ಚೌಕಟ್ಟಿನೊಳಗೆ ಸುಣ್ಣ ಬಳಿದ ಗೋಡೆಯ ಒಂದು ತುಂಡು ಇರಲಿ. ಇದಕ್ಕೆ ಕಾರಣವಿದೆ. ಈಗಿನ ಮೊಬೈಲ್ ಕ್ಯಾಮೆರಾ ತಾನಾಗಿ ಬೆಳಕು ಹೊಂದಿಸುತ್ತದೆ. ಪುಷ್ಯ ಮಳೆಯ ಮೋಡಗತ್ತಲನ್ನೂ ಏಪ್ರಿಲ್ ಬಿಸಿಲನ್ನೂ ಹೆಚ್ಚೂ ಕಡಿಮೆ ಒಂದೇ ಪ್ರಕಾಶಕ್ಕೆ ತಂದುಬಿಡುತ್ತದೆ. ಎಲೆ ನಿಜವಾಗಿ ಹಳದಿಗೆ ತಿರುಗಿತೋ ಕ್ಯಾಮೆರಾ ಹಾಗೆ ತೋರಿಸಿತೋ ತಿಳಿಯದು. ಬಿಳಿ ಗೋಡೆ ಎಲ್ಲ ಫೋಟೊದಲ್ಲೂ ಇದ್ದರೆ ಅದನ್ನು ನೋಡಿ ಉಳಿದ ಬಣ್ಣವನ್ನು ಅಂದಾಜು ಮಾಡಬಹುದು. ಹಿನ್ನೆಲೆ ಮಸುಕು ಮಾಡುವ ಪೋರ್ಟ್ರೇಟ್ ಮೋಡ್ ಈ ಕೆಲಸಕ್ಕೆ ಬೇಡ. ಹಿನ್ನೆಲೆಯೇ ಇಲ್ಲಿ ಮುಖ್ಯ.

ಇನ್ನು ಯಾವ ದಿನ ತೆಗೆಯುವುದು? ಹಬ್ಬದ ಲೆಕ್ಕ ಹಿಡಿದರೆ ಮೋಸ ಹೋಗುತ್ತೇವೆ. ಯುಗಾದಿಗೆ ಬೇವು ಹೂ ಬಿಟ್ಟಿರುತ್ತದೆ ಎಂಬುದು ಎಲ್ಲರ ನಂಬಿಕೆ. ಆದರೆ ಯುಗಾದಿ 2024ರಲ್ಲಿ ಏಪ್ರಿಲ್ 9ಕ್ಕೆ ಬಂತು, 2025ರಲ್ಲಿ ಮಾರ್ಚ್ 30ಕ್ಕೆ, 2026ರಲ್ಲಿ ಮಾರ್ಚ್ 19ಕ್ಕೆ. ಹಬ್ಬ ಚಂದ್ರನ ಜೊತೆ ಹೋಗುತ್ತದೆ, ಬೇವು ಸೂರ್ಯನ ಜೊತೆ. ಎರಡು ಯುಗಾದಿಗಳ ಫೋಟೊ ಹೋಲಿಸಿ ಈ ವರ್ಷ ಬೇವು ತಡವಾಯಿತು ಅಂದರೆ ತಡವಾದದ್ದು ಬೇವೋ ಬೇಗ ಬಂದದ್ದು ಹಬ್ಬವೋ ಗೊತ್ತಾಗದು.

ಇದಕ್ಕೆ ನಮ್ಮ ಒಕ್ಕಲಿಗರ ಬಳಿ ಹಳೆಯದೊಂದು ಲೆಕ್ಕ ಇದ್ದೇ ಇದೆ. ಅದು ಮಳೆ ನಕ್ಷತ್ರ. ಸೂರ್ಯ ಯಾವ ನಕ್ಷತ್ರದಲ್ಲಿ ಇದ್ದಾನೋ ಆ ಅವಧಿಗೆ ಅದರದೇ ಹೆಸರು. ವರ್ಷಕ್ಕೆ 27, ಒಂದೊಂದಕ್ಕೆ ಹದಿಮೂರೂವರೆ ದಿನದಷ್ಟು. ಸೂರ್ಯನ ಲೆಕ್ಕವಾದ್ದರಿಂದ ಇಂಗ್ಲಿಷ್ ತಾರೀಖಿಗೆ ಗಟ್ಟಿಯಾಗಿ ಅಂಟಿಕೊಂಡಿದೆ. ರೋಹಿಣಿ ಮೇ 25ರ ಸುಮಾರಿಗೆ, ನಾವು ಮಿರಗ ಅನ್ನುವ ಮೃಗಶಿರಾ ಜೂನ್ 8ರ ಸುಮಾರಿಗೆ, ಆರಿದ್ರಾ ಜೂನ್ 22ಕ್ಕೆ, ಮಘಾ ಆಗಸ್ಟ್ 17ಕ್ಕೆ, ಉತ್ತರಾ ಸೆಪ್ಟೆಂಬರ್ 13ಕ್ಕೆ, ಹಸ್ತಾ 27ಕ್ಕೆ, ಸ್ವಾತಿ ಅಕ್ಟೋಬರ್ 24ಕ್ಕೆ. ಒಂದು ದಿನ ಹಿಂದುಮುಂದಾದೀತು, ಅದಕ್ಕಿಂತ ಹೆಚ್ಚಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಇದು ಅಚ್ಚಾಗಿರುತ್ತದೆ, ಜೊತೆಗೆ ನರಿ, ಕಪ್ಪೆ, ಕೋಣ ಎಂದು ಆ ಮಳೆಯ ವಾಹನವೂ ಇರುತ್ತದೆ. ‘ಈ ಸಲ ಮಿರಗದ ವಾಹನ ಏನೈತಿ?’ ಎಂದು ಕಟ್ಟೆಯ ಮೇಲೆ ಕೂತ ಹಿರಿಯರು ಈಗಲೂ ಕೇಳುತ್ತಾರೆ. ರೋಹಿಣಿ ಮಳೆಗೆ ಓಣಿಯೆಲ್ಲಾ ಜೋಳ ಎಂಬ ಮಾತು ಹುಟ್ಟಿದ್ದು ಇಂಥ ಗಮನದಿಂದಲೇ. ನಕ್ಷತ್ರ ಬದಲಾದ ಬೆಳಿಗ್ಗೆ ಒಂದು ಫೋಟೊ ತೆಗೆದರೆ ವರ್ಷಕ್ಕೆ 27 ಆಗುತ್ತವೆ. ಹೊರೆಯೂ ಆಗದು, ತೀರ ವಿರಳವೂ ಆಗದು. ಮುಂದಿನ ವರ್ಷ ಮಿರಗದ ಫೋಟೊವನ್ನು ಮಿರಗದ ಫೋಟೊದ ಪಕ್ಕಕ್ಕೇ ಇಡಬಹುದು.

ಹೀಗೆ ತೆಗೆಯುತ್ತ ಹೋದರೆ ಮೊದಲು ಕಣ್ಣಿಗೆ ಬೀಳುವುದು ಗಿಡವಲ್ಲ, ನೆರಳು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ನಮ್ಮ ಈ ಐದೂ ತಾಲೂಕುಗಳು 16 ಡಿಗ್ರಿ ಚಿಲ್ಲರೆ ಉತ್ತರ ಅಕ್ಷಾಂಶದಲ್ಲಿವೆ. ಹಾಗಾಗಿ ಸೂರ್ಯ ವರ್ಷಕ್ಕೆ ಎರಡು ಸಲ, ಮೇ ಮೊದಲ ವಾರ ಮತ್ತು ಆಗಸ್ಟ್ ಮೊದಲ ವಾರ, ಮಧ್ಯಾಹ್ನ ನೇರ ನೆತ್ತಿಗೆ ಬರುತ್ತಾನೆ. ನಮ್ಮಲ್ಲಿ ಆ ಮಧ್ಯಾಹ್ನ ಗಡಿಯಾರದಲ್ಲಿ ಹನ್ನೆರಡೂವರೆಯ ಹೊತ್ತಿಗೆ ಆಗುತ್ತದೆ. ಈ ಎರಡರ ನಡುವಿನ ಮೂರು ತಿಂಗಳು ಸೂರ್ಯ ನೆತ್ತಿಯಿಂದ ಉತ್ತರಕ್ಕೆ ಇರುತ್ತಾನೆ. ಮನೆಯ ಉತ್ತರದ ಗೋಡೆಗೆ ಮಧ್ಯಾಹ್ನದ ಬಿಸಿಲು ಬೀಳುವುದು ಆಗ ಮಾತ್ರ. ಡಿಸೆಂಬರ್ ಕೊನೆಗೆ ಲೆಕ್ಕ ತಿರುವುಮುರುವು. ಸೂರ್ಯ ದಕ್ಷಿಣಕ್ಕೆ ಇಳಿದು ಹತ್ತಡಿ ಗೋಡೆಯ ನೆರಳು ಮಧ್ಯಾಹ್ನವೂ ಉತ್ತರಕ್ಕೆ ಎಂಟಡಿಗಿಂತ ಹೆಚ್ಚು ಚಾಚುತ್ತದೆ. ಉತ್ತರಕ್ಕೆ ಹಿತ್ತಲಿರುವ ಮನೆಗಳಲ್ಲಿ ಚಳಿಗಾಲದ ಬದನೆ, ಟೊಮ್ಯಾಟೊ ಗೋಡೆಯ ಬುಡದಲ್ಲಿ ಸೊರಗಿ, ನಾಲ್ಕು ಮಾರು ಆಚೆ ಸೊಗಸಾಗಿ ಬೆಳೆಯುವುದು ಇದಕ್ಕೇ. ಮಣ್ಣು ಸರಿಯಿಲ್ಲ, ಗೊಬ್ಬರ ಸಾಲದು ಎಂದು ದೂರುವ ಮೊದಲು ಮೇ ತಿಂಗಳ ಮತ್ತು ಡಿಸೆಂಬರ್ ತಿಂಗಳ ಎರಡು ಫೋಟೊ ಜೋಡಿಸಿ ನೋಡಿದರೆ ಸಾಕು. ಹಿಂಗಾರಿ ಕಾಯಿಪಲ್ಲೆಯ ಮಡಿ ಎಲ್ಲಿ ಹಾಕಬೇಕು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಕ್ಷೆ ಇಲ್ಲ.

ಮೊದಲ ಹದ ಮಳೆ ಬಿದ್ದ ಮಾರನೆಯ ಬೆಳಿಗ್ಗೆ ಮಿರಗದ ಹುಳ ಹೊರಗೆ ಬರುತ್ತದೆ. ಅದನ್ನು ನೋಡದೆ ಈ ಭಾಗದಲ್ಲಿ ಬಾಲ್ಯ ಕಳೆದವರಿಲ್ಲ. ಕಡುಗೆಂಪು ಮಖಮಲ್ಲಿನ ಗುಂಡಿಯಂಥ ಜೀವ. ಬೆರಳ ತುದಿ ತಾಗಿಸಿದರೆ ಕಾಲು ಮಡಚಿ ಸುಮ್ಮನಾಗುತ್ತದೆ. ನಾವು ಹುಳ ಅನ್ನುತ್ತೇವೆ, ಅದು ಕೀಟಗಳ ಗುಂಪಿಗೆ ಸೇರಿದ್ದಲ್ಲ. ಎಂಟು ಕಾಲಿದೆ, ಜೇಡ ಮತ್ತು ಉಣ್ಣೆಗಳ ನೆಂಟ. ಮರಿ ಇದ್ದಾಗ ಆರೇ ಕಾಲು, ಆಗ ಬೇರೆ ಕೀಟಗಳ ಮೈಗೆ ಅಂಟಿ ಬದುಕುತ್ತದೆ. ದೊಡ್ಡದಾದ ಮೇಲೆ ವರ್ಷದ ಬಹುಭಾಗ ಮಣ್ಣಿನೊಳಗೆ ಇದ್ದು, ಮಳೆ ಬಿದ್ದ ಕೂಡಲೇ ಹೊಟ್ಟೆಗೂ ಸಂಗಾತಿಗೂ ಹುಡುಕುತ್ತ ಮೇಲೆ ಬರುತ್ತದೆ. ಕೆಲವೇ ದಿನ, ಮತ್ತೆ ಕಾಣುವುದಿಲ್ಲ.

ಎರೆ ಮಣ್ಣಿನ ಮೇಲೆ ಇದರ ಫೋಟೊ ತೆಗೆಯುವುದು ಸುಲಭವಲ್ಲ. ನೆಲ ಕಪ್ಪಿದೆ ಎಂದು ಮೊಬೈಲ್ ಬೆಳಕು ಹೆಚ್ಚಿಸುತ್ತದೆ. ಹೆಚ್ಚಿಸಿದ ಬೆಳಕಿನಲ್ಲಿ ಕೆಂಪು ಕರಗಿ ಕೂದಲಿಲ್ಲದ ಒಂದು ಕೆಂಪು ಕಲೆ ಮಾತ್ರ ಉಳಿಯುತ್ತದೆ. ಪರದೆಯ ಮೇಲೆ ಹುಳವನ್ನು ಒತ್ತಿ, ಕಾಣಿಸಿಕೊಳ್ಳುವ ಬೆಳಕಿನ ಗುರುತನ್ನು ಕೆಳಗೆ ಎಳೆಯಬೇಕು. ಮಣ್ಣು ಕಪ್ಪಾಗಿಯೇ ಕಾಣುವಷ್ಟು ಇಳಿಸಿದಾಗ ಮೈಮೇಲಿನ ನವಿರು ಕೂದಲು ಒಂದೊಂದಾಗಿ ಬಿಡಿಸಿಕೊಳ್ಳುತ್ತದೆ. ಪಕ್ಕದಲ್ಲಿ ಒಂದು ರೂಪಾಯಿಯ ನಾಣ್ಯ ಇಡಿ, ಅಳತೆ ಸಿಗುತ್ತದೆ. ಎಲ್ಲಕ್ಕಿಂತ ಮುಖ್ಯ ತಾರೀಖು. ಯಾವ ವರ್ಷ ರೋಹಿಣಿಯಲ್ಲೇ ಬಂತು, ಯಾವ ವರ್ಷ ಆರಿದ್ರಾ ಬರುವವರೆಗೂ ಬರಲಿಲ್ಲ ಎಂಬುದು ಮಳೆಯ ದಾಖಲೆ. ಹಿತ್ತಲಿಗೆ ಕಳೆನಾಶಕ ಹೊಡೆದು ಕಾಂಕ್ರೀಟ್ ಹಾಕಿಸಿದ ಮನೆಗಳಲ್ಲಿ ಯಾವ ವರ್ಷವೂ ಬಾರದಿದ್ದರೆ ಅದೂ ಒಂದು ದಾಖಲೆ.

ಮಳೆ ಹಿಡಿದ ಮೇಲೆ ಲಿಂಬಿ ಗಿಡದ ಎಳೆ ಕುಡಿಗಳನ್ನು ದಿನವೂ ನೋಡಿ. ಹಳದಿ ಬಿಳುಪಿನ ಸಾಸಿವೆಯಂಥ ಒಂಟಿ ಮೊಟ್ಟೆ ನಿಂಬೆ ಚಿಟ್ಟೆಯದು. ಅದರಿಂದ ಬಂದ ಮರಿಹುಳ ಮೊದಲು ಕಪ್ಪು ಬಿಳಿ ಬಣ್ಣದಲ್ಲಿ ಥೇಟ್ ಹಕ್ಕಿಯ ಹಿಕ್ಕೆ. ದೊಡ್ಡದಾಗುತ್ತ ಒಂದು ದಿನ ಪೊರೆ ಕಳಚಿ ಎಲೆಹಸಿರಾಗಿಬಿಡುತ್ತದೆ. ಕೆಣಕಿದರೆ ತಲೆಯ ಹಿಂದಿನಿಂದ ಕವಲು ಕೊಂಬಿನಂಥ ಕಿತ್ತಳೆ ಬಣ್ಣದ ಗ್ರಂಥಿ ಚಾಚಿ ಘಾಟು ವಾಸನೆ ಬಿಡುತ್ತದೆ. ಇಲ್ಲಿ ಮಾತ್ರ ನಕ್ಷತ್ರಕ್ಕೊಂದು ಫೋಟೊ ಸಾಲದು, ದಿನಕ್ಕೊಂದು ಬೇಕು. ಒಂದು ಟೊಂಗೆಗೆ ದಾರ ಕಟ್ಟಿ ಗುರುತು ಮಾಡಿಕೊಂಡರೆ ಮಕ್ಕಳು ಈ ಕೆಲಸವನ್ನು ಹಿರಿಯರಿಗಿಂತ ಚೆನ್ನಾಗಿ ಮಾಡುತ್ತಾರೆ.

ಹಸ್ತಾ, ಚಿತ್ತಾ ಮಳೆಗಳ ಹೊತ್ತಿಗೆ ಹಿತ್ತಲ ಹೂವಿನದು. ದಸರೆಗೆ ಚೆಂಡು ಹೂ, ದೀಪಾವಳಿ ಪಾಡ್ಯದ ಸಗಣಿಯ ಪಾಂಡವರಿಗೆ ಸಿಕ್ಕಿಸಲು ಉತ್ತರಾಣಿ, ಮುಂಜಾನೆ ನೆಲದ ತುಂಬ ಪಾರಿಜಾತ. ನನ್ನ ಗಮನ ಸೇವಂತಿಗೆಯ ಮೇಲೆ. ಅದಕ್ಕೆ ರಾತ್ರಿಯ ಉದ್ದ ಗೊತ್ತಾಗುತ್ತದೆ. ನಮ್ಮಲ್ಲಿ ಜೂನ್‌ನಲ್ಲಿ ಹಗಲು 13 ಗಂಟೆಯಷ್ಟು, ಡಿಸೆಂಬರ್‌ನಲ್ಲಿ 11 ಗಂಟೆ ಚಿಲ್ಲರೆ. ಮಳೆಗಾಲ ಮುಗಿಯುತ್ತ ರಾತ್ರಿ ಬೆಳೆದಂತೆ ಸೇವಂತಿಗೆ ಎಲೆ ಬಿಡುವುದನ್ನು ನಿಲ್ಲಿಸಿ ಮೊಗ್ಗು ಕಟ್ಟುತ್ತದೆ. ಬೇಡದ ಕಾಲದಲ್ಲಿ ಹೂ ಬರದಂತೆ ತಡೆಯಲು ಹೂ ಬೆಳೆಗಾರರು ರಾತ್ರಿ ಹೊಲಕ್ಕೆ ಬಲ್ಬು ಉರಿಸುವುದು ಈ ಗುಣ ತಿಳಿದೇ. ಈಗ ನಮ್ಮ ಓಣಿಗಳಿಗೆಲ್ಲ ಪ್ರಖರ ಎಲ್‌ಇಡಿ ದೀಪ ಬಂದಿವೆ. ಕಂಪೌಂಡಿನ ಆಚೆ ದೀಪದ ಕಂಬ ಇದ್ದು, ಅದರ ಬೆಳಕು ರಾತ್ರಿಯಿಡೀ ಬೀಳುವ ಕಡೆಯ ಸೇವಂತಿಗೆ ಗಿಡ ಬರೇ ಎಲೆ ಬಿಡುತ್ತ, ಮನೆಯ ಮರೆಯ ಗಿಡ ಮೊಗ್ಗಾಗಿದ್ದರೆ ಬೀಜವನ್ನೋ ಸಸಿ ಕೊಟ್ಟ ಗೆಳತಿಯನ್ನೋ ಬೈಯಬೇಕಾಗಿಲ್ಲ. ಎರಡನ್ನೂ ಒಂದೇ ಚೌಕಟ್ಟಿನಲ್ಲಿ ಹಿಡಿದರೆ ಕಾರಣ ಚಿತ್ರದಲ್ಲೇ ಇರುತ್ತದೆ.

ಕಬ್ಬಿನ ಹಂಗಾಮು ಶುರುವಾದರೆ ಹಿತ್ತಲಿಗೆ ಇನ್ನೊಂದು ಋತು ಬರುತ್ತದೆ. ಪಂಚಾಂಗದಲ್ಲಿ ಅದಕ್ಕೆ ಹೆಸರಿಲ್ಲ. ಕಟಾವಾದ ಗದ್ದೆಯಲ್ಲಿ ರವದಿಗೆ, ಅಂದರೆ ಕಬ್ಬಿನ ಒಣ ಸೋಗೆಗೆ, ಬೆಂಕಿ ಇಟ್ಟ ಸಂಜೆ ಕಪ್ಪು ಬೂದಿಯ ಎಳೆಗಳು ಗಾಳಿಯಲ್ಲಿ ತೇಲಿಬಂದು ತುಳಸಿಯ ಮೇಲೆ, ಒಣಹಾಕಿದ ಬಟ್ಟೆಯ ಮೇಲೆ ಇಳಿಯುತ್ತವೆ. ಇದನ್ನೂ ಫೋಟೊ ತೆಗೆಯಬೇಕು. ರವದಿ ಸುಟ್ಟರೆ ಮಣ್ಣಿಗೆ ಸೇರಬೇಕಾದ ಸಾವಯವ ಅಂಶ ಹೊಗೆಯಾಗುತ್ತದೆ ಎಂದು ಕೃಷಿ ವಿಜ್ಞಾನಿಗಳು ಹೇಳುತ್ತಲೇ ಬಂದಿದ್ದಾರೆ. ಸಾಲಿನ ನಡುವೆ ಅದನ್ನೇ ಹೊದಿಸಿದರೆ ತೇವ ಉಳಿಯುತ್ತದೆ, ಕಳೆ ಕಡಿಮೆಯಾಗುತ್ತದೆ. ಹಿತ್ತಲಿಗೂ ಒಂದೆರಡು ಹೊರೆ ರವದಿ ತಂದು ಗಿಡಗಳ ಬುಡಕ್ಕೆ ಹಾಸಿ, ಹಾಸಿದ ಮಡಿ ಹಾಸದ ಮಡಿ ಎರಡನ್ನೂ ಬೇಸಿಗೆಯುದ್ದಕ್ಕೂ ಫೋಟೊ ತೆಗೆದರೆ ಮಣ್ಣಿನ ಬಿರುಕಿನ ವ್ಯತ್ಯಾಸ ಯಾವ ಭಾಷಣಕ್ಕಿಂತಲೂ ಚೆನ್ನಾಗಿ ಅರ್ಥವಾಗುತ್ತದೆ.

ಮಾಘ ಫಾಲ್ಗುಣದಲ್ಲಿ ಸೀತಾಫಲ ಬೋಳಾಗುತ್ತದೆ, ಬೇವು ಎಲೆ ಉದುರಿಸುತ್ತದೆ. ಆಗ ನಾನು ಕ್ಯಾಮೆರಾ ಹಿಡಿದು ನಿಂತದ್ದನ್ನು ಕಂಡು ಪಕ್ಕದ ಮನೆಯ ಆಯಿ, ‘ಬರೇ ಒಣಾ ಟೊಂಗಿ ಫೋಟೋ ಏನ ತಗೀತೀಯೋ ತಮ್ಮಾ, ಹೂ ಬಿಟ್ಟಾಗ ಬಾ’ ಅಂದರು. ‘ಹೂ ಯಾವಾಗ ಬಿಡತೈತ್ರಿ ಆಯಿ?’ ಅಂತ ಕೇಳಿದೆ. ಆಯಿ ಬೇವಿನ ಗಿಡದ ಕಡೆ ತಲೆ ಎತ್ತಿ ನೋಡಿ, ಮೊದಲು ತಾಮ್ರದ ಬಣ್ಣದ ಕುಡಿ ಬರಬೇಕು, ಅದು ಹಸಿರಾಗುವ ಹೊತ್ತಿಗೆ ಹೂ, ಹೋದ ಸಲ ಚಳಿ ಜಾಸ್ತಿ ಇತ್ತು ಅದಕ್ಕೇ ತಡವಾಯಿತು, ದಕ್ಷಿಣದ ಟೊಂಗೆ ಯಾವಾಗಲೂ ಮುಂದೆ ಎಂದು ಹೇಳುತ್ತ ಹೋದರು. ಎಷ್ಟೋ ವರ್ಷಗಳ ದಾಖಲೆ ಆ ತಲೆಯೊಳಗೆ ಇತ್ತು, ಒಣ ಟೊಂಗೆಯೂ ಸೇರಿ. ನಮ್ಮ ತಲೆಮಾರಿಗೆ ಆ ನೆನಪಿಲ್ಲ. ಇರುವುದು ಮೊಬೈಲ್. ಆಯಿಯಂಥವರು ಇರುವಾಗಲೇ ಅವರ ಮಾತನ್ನು ಫೋಟೊದ ಜೊತೆ ಬರೆದಿಟ್ಟುಕೊಳ್ಳಬೇಕು.

ಊರೂರಿನಲ್ಲಿ ಇದು ಬೇರೆ ಬೇರೆಯಾಗಿ ನಡೆಯಬೇಕಾದ ಕೆಲಸ. ಹೊರಗಿನವರಿಗೆ ಈ ಐದು ತಾಲೂಕು ಒಂದೇ ಸೀಮೆ, ಕಬ್ಬಿನ ಸೀಮೆ. ನಿಪ್ಪಾಣಿ ಸಹ್ಯಾದ್ರಿಯ ಸೆರಗಿಗೆ ಹತ್ತಿರ. ಅಲ್ಲಿ ಮುಂಗಾರು ಜೋರು, ತಂಬಾಕಿನ ನೆಲ. ಪೂರ್ವಕ್ಕೆ ಹೋದಷ್ಟೂ ಘಟ್ಟದ ಮಳೆಯ ನೆರಳು ದಟ್ಟವಾಗುತ್ತದೆ. ರಾಯಬಾಗದಲ್ಲಿ ಕಾಲುವೆ, ಬಾವಿಯ ನೀರಿನ ಮೇಲೆ ಕಬ್ಬು, ಅರಿಶಿನ. ಅಥಣಿಯ ಪೂರ್ವಕ್ಕೆ ತೆಲಸಂಗದ ಕಡೆ ದ್ರಾಕ್ಷಿ, ಒಣದ್ರಾಕ್ಷಿ, ಹಿಂಗಾರಿ ಬಿಳಿಜೋಳ. ಅಲ್ಲಿಯ ರೈತ ಮಿರಗಕ್ಕಿಂತ ಹೆಚ್ಚಾಗಿ ಉತ್ತರಿ, ಹಸ್ತಾ ಮಳೆಗೆ ಕಾಯುತ್ತಾನೆ. ಕಾಗವಾಡದ ಜುಗೂಳದಂಥ ನದಿದಂಡೆಯ ಊರಿನ ಹಿತ್ತಲಿಗೆ ತನ್ನ ಮಳೆಗಿಂತ ಮಹಾರಾಷ್ಟ್ರದ ಘಟ್ಟದಲ್ಲಿ ಬಿದ್ದ ಮಳೆಯೇ ದೊಡ್ಡ ಸುದ್ದಿ. ಚಿಕ್ಕೋಡಿ ತಾಲೂಕಿನ ಕಲ್ಲೋಳ–ಯಡೂರ ಸೇತುವೆ ಮುಳುಗಿತೆಂಬ ವರ್ತಮಾನ ಹೆಚ್ಚೂ ಕಡಿಮೆ ಪ್ರತಿ ಮಳೆಗಾಲ ಬರುತ್ತದೆ. ಅಂದು ಅಥಣಿಯ ಪೂರ್ವದಲ್ಲಿ ಆಕಾಶ ಬಣಗುಡುತ್ತಿರಬಹುದು. ಪೇರಲ, ದಾಳಿಂಬೆ, ಲಿಂಬೆ ಬೆಳೆಯುವವರು ಮಿರಗ ಬಹಾರ, ಹಸ್ತ ಬಹಾರ, ಅಂಬೆ ಬಹಾರ ಎಂದು ಹೂವಿಗೆ ಮೂರು ಹಂಗಾಮು ಎಣಿಸುತ್ತಾರೆ. ಯಾವ ಊರಿನಲ್ಲಿ ಯಾವುದು ಕೈಹಿಡಿಯುತ್ತದೆ ಎಂಬುದು ನೀರಿನ ಮಾತು. ಬೆಳಗಾವಿಯ ಹವಾಮಾನ ವರದಿ ನೋಡಿ ಅಥಣಿಯ ಹಿತ್ತಲನ್ನು ಊಹಿಸಲಾಗದು.

ಮನೆಯಂಗಳದ ದಾಖಲೆಗೆ ಎಂಥ ಬೆಲೆ ಬರಬಹುದು ಎಂಬುದಕ್ಕೆ ಇಂಗ್ಲೆಂಡಿನ ರಾಬರ್ಟ್ ಮಾರ್ಷಮ್ ಒಂದು ನಿದರ್ಶನ. ನಾರ್ಫೋಕ್ ಪ್ರಾಂತದ ಈ ಜಮೀನುದಾರ 1736ರಲ್ಲಿ ತನ್ನ ಎಸ್ಟೇಟಿನಲ್ಲಿ ಮೊದಲ ಹೂ, ಮೊದಲ ಚಿಗುರು, ಮೊದಲ ಕೋಗಿಲೆಯ ಕೂಗಿನ ತಾರೀಖು ಬರೆಯತೊಡಗಿದ. ಅವನ ವಂಶಸ್ಥರು 1958ರವರೆಗೆ ಬರೆದರು. ಬರೆಯುವಾಗ ಅದು ಒಂದು ಮನೆತನದ ಹವ್ಯಾಸ. ಇಂದು ಹವಾಮಾನ ಬದಲಾವಣೆಯ ಅಧ್ಯಯನಕ್ಕೆ ಅದೊಂದು ಆಧಾರ. ಜಪಾನಿನ ಕ್ಯೋಟೊದಲ್ಲಿ ಚೆರ್ರಿ ಹೂವಿನ ದಾಖಲೆ ಒಂಬತ್ತನೆಯ ಶತಮಾನಕ್ಕೆ ಹೋಗುತ್ತದೆ. 2021ರಲ್ಲಿ ಮಾರ್ಚ್ 26ಕ್ಕೇ ಹೂ ತುಂಬಿ ಬಂದಾಗ, ಸಾವಿರದ ಇನ್ನೂರು ವರ್ಷಗಳಲ್ಲಿ ಇಷ್ಟು ಬೇಗ ಎಂದೂ ಆಗಿರಲಿಲ್ಲ ಎಂದು ಹೇಳಲು ಸಾಧ್ಯವಾದದ್ದು ಅದರಿಂದ. ನಮ್ಮ ದೇಶದಲ್ಲಿ 2010ರಿಂದ ಸೀಸನ್‌ವಾಚ್ ಎಂಬ ಕಾರ್ಯಕ್ರಮ ನಡೆಯುತ್ತಿದೆ. ಮಾವು, ಬೇವು, ಹುಣಸೆ, ಕಕ್ಕೆಯಂಥ ಸಾಮಾನ್ಯ ಮರ ಆರಿಸಿಕೊಂಡು ವಾರಕ್ಕೊಮ್ಮೆ ಎಲೆ, ಹೂ, ಕಾಯಿ ಇಲ್ಲವೋ ಕೊಂಚವೋ ಬಹಳವೋ ಎಂದು ಗುರುತು ಹಾಕುವುದಷ್ಟೇ ಕೆಲಸ. ಕೇರಳದ ಶಾಲಾಮಕ್ಕಳು ಇದರಲ್ಲಿ ಬಹಳ ಮುಂದಿದ್ದಾರೆ. ಗಡಿಭಾಗದ ನಮ್ಮ ಶಾಲೆಗಳ ಅಂಗಳದಲ್ಲೂ ಬೇವಿಗೆ, ಹುಣಸೆಗೆ ಬರವಿಲ್ಲ.

ಕನ್ನಡದಲ್ಲಿ ಈ ಕಣ್ಣು ಕೊಟ್ಟವರು ಪೂರ್ಣಚಂದ್ರ ತೇಜಸ್ವಿ. ಮೂಡಿಗೆರೆಯ ತಮ್ಮ ತೋಟದ ಸುತ್ತಲಿನ ಹಕ್ಕಿಗಳನ್ನು ಅವರು ತಾಳ್ಮೆಯಿಂದ ಕಾದು ಫೋಟೊ ತೆಗೆದರು. ಆದರೆ ನಾವು ಓದಿಕೊಂಡ ನಿಸರ್ಗವೆಲ್ಲ ಮಲೆನಾಡಿನದು, ಹಸಿರು ಅಂದರೆ ಅದೇ ಹಸಿರು. ಬಿರುಕು ಬಿಟ್ಟ ಎರೆಭೂಮಿ, ಏಪ್ರಿಲ್‌ನ ಬೋಳು ಸೀತಾಫಲ, ಚವಳಿಕಾಯಿಯ ಸಾಲು, ಬೂದಿ ಬಿದ್ದ ತುಳಸಿ ಇವಕ್ಕೂ ಅಷ್ಟೇ ತಾಳ್ಮೆಯ ಕಣ್ಣು ಬೇಕು. ಬಯಲುಸೀಮೆಯ ಹಿತ್ತಲ ಬಡವಲ್ಲ. ನೋಡುವವರು ಕಡಿಮೆ.

ಫೋಟೊ ಉಳಿಸಿಕೊಳ್ಳುವ ಬಗ್ಗೆ ಒಂದು ಎಚ್ಚರ. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿನಂತೆ ಕಳಿಸಿದ ಫೋಟೊ ಕುಗ್ಗುತ್ತದೆ, ತೆಗೆದ ದಿನ ಮತ್ತು ಜಾಗದ ಮಾಹಿತಿಯೂ ಅಳಿಯುತ್ತದೆ. ಮೂಲ ಫೋಟೊವನ್ನೇ ಇಟ್ಟುಕೊಳ್ಳಿ, ಇಲ್ಲವೆ ಡಾಕ್ಯುಮೆಂಟ್ ರೂಪದಲ್ಲಿ ಕಳಿಸಿ. ಹೆಸರು ವರ್ಷ, ತಿಂಗಳು, ದಿನ, ನಕ್ಷತ್ರ ಎಂಬ ಕ್ರಮದಲ್ಲಿ ಇದ್ದರೆ ಕಂಪ್ಯೂಟರ್ ತಾನೇ ಸಾಲಾಗಿ ಜೋಡಿಸುತ್ತದೆ. ಜೊತೆಗೊಂದು ನೋಟುಬುಕ್ಕು ಇರಲಿ. ಮಳೆ ಬಂತೇ, ನೀರು ಹಾಕಿದ್ದೆವೇ, ಯಾವ ಹಕ್ಕಿ ಕೂಗಿತು, ಮಣ್ಣು ಯಾವ ವಾಸನೆ ಬೀರುತ್ತಿತ್ತು, ಇವು ಫೋಟೊಗೆ ಸಿಗುವುದಿಲ್ಲ.

ನನ್ನದೊಂದು ಆಸೆ ಇದೆ. ನಿಪ್ಪಾಣಿಯ ಒಂದು ಮನೆ, ಅಥಣಿಯ ಒಂದು ಮನೆ ಜೋಡಿಯಾಗಬೇಕು. ಬೀಗರೋ, ತವರು ಮತ್ತು ಗಂಡನ ಮನೆಯೋ ಆಗಿದ್ದರೆ ಇನ್ನೂ ಸುಲಭ, ಈ ತಾಲೂಕುಗಳ ನಡುವೆ ಅಂಥ ನಂಟು ಬೇಕಾದಷ್ಟಿದೆ. ಎರಡೂ ಮನೆಯಲ್ಲಿ ಒಂದೇ ಜಾತಿಯ ಗಿಡ, ಪೇರಲವೋ ಲಿಂಬಿಯೋ ಇರಲಿ. ನಕ್ಷತ್ರ ಬದಲಾದ ಬೆಳಿಗ್ಗೆ ಎಂಟಕ್ಕೆ ಇಬ್ಬರೂ ಫೋಟೊ ತೆಗೆದು ಒಬ್ಬರಿಗೊಬ್ಬರು ಕಳಿಸಲಿ. ಮಿರಗದ ಹುಳ ಯಾರ ಹಿತ್ತಲಿಗೆ ಮೊದಲು ಬಂತು, ಪೇರಲ ಯಾರಲ್ಲಿ ಮೊದಲು ಹೂವಾಯಿತು, ಉತ್ತರಿ ಮಳೆ ಎಲ್ಲಿ ತಪ್ಪಿತು ಎಂಬುದು ನಾಲ್ಕೈದು ವರ್ಷದಲ್ಲಿ ತಾನಾಗಿ ಎದ್ದು ಕಾಣತೊಡಗುತ್ತದೆ. ಶುರು ಮಾಡಲು ಯುಗಾದಿಯವರೆಗೆ ಕಾಯಬೇಕಾಗಿಲ್ಲ. ಮುಂದಿನ ನಕ್ಷತ್ರ ಹೆಚ್ಚೆಂದರೆ ಎರಡು ವಾರ ದೂರ ಇದೆ.